ಕೀವು ಹುಣ್ಣಿನ ಮಾತ್ರೆ ನಿಲ್ಲಿಸಿದ್ದಕ್ಕೆ ಪ್ರತಿಕ್ರಿಯೆ

ನಿಮ್ಮ ಲ್ಯಾಬ್ರಡಾರ್ ನಾಯಿಯ ತೊಡೆ ಮೇಲೆ ಕೀವು ಗುಳ್ಳೆ, ಅದಕ್ಕೆ ಕೊಟ್ಟ ಸೆಫಾಲೆಕ್ಸಿನ್ ಅನ್ನೋ ಆ್ಯಂಟಿಬಯಾಟಿಕ್ ಮಾತ್ರೆಯಿಂದ ವಾಂತಿ, ಹತ್ತನೇ ದಿನಕ್ಕೆ ನಿಲ್ಲಿಸಿದೆ, ಈಗ ಮತ್ತೆ ಹುಣ್ಣು ಅಂದಿದ್ದೀರಿ. ಮಾತ್ರೆಯೇ ನಾಟಿಲ್ಲ ಅಂತ ಈಗಲೇ ಹೇಳಕ್ಕಾಗಲ್ಲ. ಒತ್ತಿದರೆ ರಕ್ತ ಬೆರೆತ ಕೀವು ಬರುವ ಆಳದ ಸೋಂಕಿಗೆ ಹತ್ತು ದಿನ ಸಾಲದು, ವಾರಗಟ್ಟಲೆ ಬೇಕು. ಮೇಲಿನ ಚರ್ಮ ಒಣಗಿದರೂ ಕೂದಲಿನ ಬುಡದಲ್ಲಿ ಸೋಂಕು ಉಳಿದಿರುತ್ತದೆ.

ಈ ಮಾತ್ರೆಗೆ ವಾಂತಿ ಆಗೋದು ಸಾಮಾನ್ಯ. ಖಾಲಿ ಹೊಟ್ಟೆಗೆ ಕೊಡ್ತಿದ್ರಾ? ಊಟದ ಜೊತೆ ಕೊಟ್ಟರೆ ಎಷ್ಟೋ ನಾಯಿಗಳಿಗೆ ತಡೆಯುತ್ತದೆ. ಆದರೂ ನಿಲ್ಲದಿದ್ದರೆ, ಅಥವಾ ಮುಖ ಊದಿದರೆ, ಡಾಕ್ಟರಿಗೆ ಕೂಡಲೇ ಹೇಳಿ. ಔಷಧಿ ಬದಲಿಸ್ತಾರೆ. ನೀವಾಗಿಯೇ ಡೋಸ್ ಅರ್ಧ ಮಾಡಬೇಡಿ.

ಮತ್ತೆ ಬಂದಿದೆ ಅಂದ ಮೇಲೆ ಇನ್ನೊಂದು ಆ್ಯಂಟಿಬಯಾಟಿಕ್ ಊಹೆ ಮೇಲೆ ಶುರು ಮಾಡೋದು ನನಗಂತೂ ಸರಿ ಕಾಣಲ್ಲ. ಕೀವಿನ ಕಲ್ಚರ್ ಮಾಡಿಸಿ, ಅಂದರೆ ಅದರಲ್ಲಿರುವ ರೋಗಾಣು ಯಾವುದು, ಯಾವ ಔಷಧಿಗೆ ಬಗ್ಗುತ್ತದೆ ಅಂತ ಲ್ಯಾಬ್‌ನಲ್ಲಿ ನೋಡಿಸಿ. ನಾಯಿ ಚರ್ಮದ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಈಗ ಎಷ್ಟೋ ಸಲ ಹಲವು ಔಷಧಿಗೆ ಬಗ್ಗುವುದಿಲ್ಲ. ಚರ್ಮ ಕೆರೆದು ಡೆಮೊಡೆಕ್ಸ್ ಅನ್ನೋ, ಕಣ್ಣಿಗೆ ಕಾಣದ ಚರ್ಮದ ಹುಳ ಇದೆಯಾ ಅಂತಲೂ ನೋಡಿಸಿ. ನಿಮ್ಮ ಕಲಬುರಗಿಯಲ್ಲಿ ಆಗದಿದ್ದರೆ ಬೀದರ್‌ನ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ತುರಿಕೆಗೆ ಅಂತ ಅಂಗಡಿಯವರು ಕೊಡುವ ಸ್ಟೆರಾಯ್ಡ್ ಮುಲಾಮು ಬೇಡವೇ ಬೇಡ. ಎರಡು ದಿನ ಚೆನ್ನಾಗಿ ಕಂಡು, ಒಳಗೆ ಸೋಂಕು ಹಬ್ಬುತ್ತದೆ. ರೋಗಾಣು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಶಾಂಪೂ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಿರಿ. ಸುಮ್ನೆ ಹಚ್ಚಿ ತೊಳೆದರೆ ದುಡ್ಡು ದಂಡ. ನೆಕ್ಕದ ಹಾಗೆ ಕೊರಳಿಗೆ ಕಾಲರ್ ಹಾಕಿ. ಜ್ವರ ಬಂದು ಊಟ ಬಿಟ್ಟರೆ ಕಲ್ಚರ್ ರಿಪೋರ್ಟಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಒಯ್ಯಿರಿ.