ಯೂರಿಯಾ ಹಾಕಿದರೆ ತೇಗದ ಮರ ಮೆದುವಾಗುತ್ತದಾ?

ತೋಟದ ಬದಿಯಲ್ಲಿರುವ ಐದು ವರ್ಷದ ತೇಗಕ್ಕೆ ಯೂರಿಯಾ ಹಾಕಿದರೆ ಮರ ಮೆದುವಾಗುತ್ತದೆ ಅಂತ ಯಾರೋ ಹೇಳಿದರು, ನಿಜವಾ ಅಂತ ಕೇಳಿದ್ದೀರಿ. ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ. ಈ ಮಾತನ್ನು ನಾನೂ ಚಿಕ್ಕಂದಿನಿಂದ ಕೇಳಿದ್ದೇನೆ. ತೇಗದ ಮಟ್ಟಿಗೆ ಹಾಗೇನಿಲ್ಲ.

ಅಪ್ಪ ಒಂದೇ ಮಳೆಗಾಲದಲ್ಲಿ ಎರಡು ತೇಗ ನೆಟ್ಟಿದ್ದರು. ಒಂದು ತೋಟದ ಬದಿ. ಅಡಿಕೆ ಬುಡಕ್ಕೆ ಹಾಕಿದ ಸೊಪ್ಪು, ಹಟ್ಟಿಗೊಬ್ಬರ, ಯೂರಿಯಾ ಎಲ್ಲದರಲ್ಲೂ ಅದಕ್ಕೆ ಪಾಲು. ಇನ್ನೊಂದು ಮೇಲೆ ಗುಡ್ಡೆಯಲ್ಲಿ, ಮುರಕಲ್ಲಿನ ನೆಲ. 24 ವರ್ಷಕ್ಕೆ ಎರಡನ್ನೂ ಕಡಿಸಿದೆವು. ಆಚಾರಿಯವರು ಬುಡದ ತುಂಡುಗಳನ್ನು ಉಳಿಯಿಂದ ನಯ ಮಾಡಿ ತೋರಿಸಿದರು. ಪ್ರತಿ ಉಂಗುರದ ಶುರುವಿನಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ತೂತುಗಳ ಸಾಲು. ಹೊಸ ಎಲೆ ಬರುವಾಗ ನೀರು ಏರಿಸಲು ಮರ ಮಾಡಿಕೊಳ್ಳುವ ಕೊಳವೆಗಳವು. ಅದರಾಚೆ ಒತ್ತಾದ, ಗಟ್ಟಿ ನಾರಿನ ಭಾಗ. ಗುಡ್ಡೆಯ ಮರದಲ್ಲಿ ತೂತಿನ ಸಾಲುಗಳು ಒಂದಕ್ಕೊಂದು ತಾಗಿಕೊಂಡ ಹಾಗಿದ್ದವು, ನಡುವೆ ನಾರಿಗೆ ಜಾಗವೇ ಕಮ್ಮಿ. ತೋಟದ ಮರದಲ್ಲಿ ತೂತಿನ ಸಾಲು ಅಷ್ಟೇ ಇತ್ತು, ಹೆಚ್ಚಿದ್ದು ನಾರು. ಚೇಗೂ (ನಡುವಿನ ಗಟ್ಟಿ, ಬಣ್ಣದ ಮರ) ಅದರಲ್ಲೇ ಜಾಸ್ತಿ.

ಪೈನ್‌ನಂಥ ಸೂಜಿ ಎಲೆಯ ಮರಗಳಲ್ಲಿ ಮಾತ್ರ ನೀವು ಕೇಳಿದ ಮಾತು ಬಹಳಷ್ಟು ನಿಜ. ಅವಕ್ಕೆ ಇಂಥ ದೊಡ್ಡ ಕೊಳವೆಗಳಿಲ್ಲ. ನೀರು ಏರಿಸುವುದಕ್ಕೂ ಮರವನ್ನು ಹೊರುವುದಕ್ಕೂ ಒಂದೇ ಬಗೆಯ ಕಣ. ಯೂರಿಯಾದಲ್ಲಿರುವ ಸಾರಜನಕ ಸಿಕ್ಕಿದರೆ ಅಗಲ ಬಾಯಿಯ, ತೆಳು ಗೋಡೆಯ ಕಣಗಳು ಹೆಚ್ಚುತ್ತವೆ. ಆಮೇಲಿನ ಕೆಲವು ವರ್ಷದ ಉಂಗುರಗಳು ಹಗುರ.

ತೇಗದಲ್ಲಿ ನನಗೆ ಹೆದರಿಕೆ ಬೇರೆಯದು. ದಪ್ಪ ಆಯಿತು ಅಂತ 12–15 ವರ್ಷಕ್ಕೇ ಕಡಿದು ಬಿಡುತ್ತಾರೆ. ಎಳೆ ಪ್ರಾಯದಲ್ಲಿ ನಡುವಿನಲ್ಲಿ ಕಟ್ಟುವ ಮರಕ್ಕೆ ನಾರು ಗಿಡ್ಡ, ಒಣಗುವಾಗ ತಿರುಚಿಕೊಳ್ಳುತ್ತದೆ. ಒರಲೆಯನ್ನು ದೂರ ಇಡುವ ಅಂಶವೂ ಎಳೆ ಚೇಗಿನಲ್ಲಿ ಕಮ್ಮಿ. ಹೊರಗಿನ ಬಿಳಿ ಭಾಗವನ್ನಂತೂ ಒರಲೆ ಬಿಡುವುದೇ ಇಲ್ಲ. ನೆರೆಮನೆಯವರು 14 ವರ್ಷದ ಮರದಲ್ಲಿ ದಾರಂದ ಮಾಡಿಸಿದರು. ಎರಡೇ ಮಳೆಗಾಲಕ್ಕೆ ಒರಲೆ ಹಿಡಿಯಿತು. ಬೈಗಳು ತಿಂದದ್ದು ಗೊಬ್ಬರ.

ಹಾಗಾಗಿ ಗೊಬ್ಬರ ಹಾಕಿ, ಆದರೆ ಜಡಿಮಳೆಗೆ ಯೂರಿಯಾ ಸುರಿಯಬೇಡಿ. ಸುಮ್ನೆ ತೊಳೆದು ಹೋಗುತ್ತದೆ. ಸೆಪ್ಟೆಂಬರಿನಲ್ಲಿ ಮಳೆ ಇಳಿದ ಮೇಲೆ ಹಟ್ಟಿಗೊಬ್ಬರದ ಜೊತೆ ಸ್ವಲ್ಪ ಸಾಕು. ತಿಂದು ಬೆಳೆದ ಮರಕ್ಕೆ ಅಡ್ಡಗೆಲ್ಲು ಜಾಸ್ತಿ, ಬಿಟ್ಟರೆ ಹಲಗೆಯಲ್ಲಿ ಗಂಟು ಬರುತ್ತದೆ. ನಿಮ್ಮದಕ್ಕೆ ಈಗ ಐದು ವರ್ಷ ಅಲ್ವಾ? ಮಳೆ ಪೂರ್ತಿ ನಿಂತ ಮೇಲೆ, ಗೆಲ್ಲು ಇನ್ನೂ ಬೆರಳು ದಪ್ಪ ಇರುವಾಗಲೇ ಕಾಂಡಕ್ಕೆ ತಾಗಿಸಿ ಸವರಿ ಬಿಡಿ.