ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ ತಲೆಗೆ ಪೆಟ್ಟಾದ್ರೆ?
ನಿಮ್ಮ ತಂದೆ ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾಗಿದೆ, ರಕ್ತ ತೆಳು ಮಾಡೋ ಅಸಿಟ್ರೋಮ್ ಮಾತ್ರೆ ತಗೊಳ್ತಾರೆ, ಆದ್ರೆ ಚೆನ್ನಾಗೇ ಮಾತಾಡ್ತಿದ್ದಾರೆ ಅಂದಿದ್ದೀರಿ. ಚೆನ್ನಾಗಿದ್ರೂ ಈಗ್ಲೇ ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆಗೆ ಕರ್ಕೊಂಡೋಗಿ, ದಯವಿಟ್ಟು ಬೆಳಗಾಗ್ಲಿ ಅಂತ ಕಾಯ್ಬೇಡಿ, ಈ ಮಾತ್ರೆ ತಗೊಳ್ಳೋರಲ್ಲಿ ಸಣ್ಣ ರಕ್ತಸ್ರಾವನೂ ನಿಲ್ಲದೆ ಗಂಟೆಗಟ್ಟಲೆ ಹೆಚ್ಚಾಗ್ತಾ ಹೋಗ್ಬಹುದು. ಮಾತ್ರೆ ಸ್ಟ್ರಿಪ್, ರಕ್ತ ಹೆಪ್ಪುಗಟ್ಟೋಕೆ ಎಷ್ಟೊತ್ತು ಬೇಕು ಅಂತ ತೋರ್ಸೋ ಹಳೇ ಐಎನ್‌ಆರ್ ರಿಪೋರ್ಟ್ ಜೊತೆಗಿರಲಿ, ಕೊನೇ ಮಾತ್ರೆ ಎಷ್ಟೊತ್ತಿಗೆ ನುಂಗಿದ್ರು ಅಂತ ಮೊದಲೇ ಹೇಳ್ಬಿಡಿ.

ಸ್ಕ್ಯಾನಲ್ಲಿ ರಕ್ತ ಕಂಡ್ರೆ ವಿಟಮಿನ್ ಕೆ ನರಕ್ಕೆ ಕೊಡ್ತಾರೆ, ಅದು ಕೆಲಸ ಮಾಡೋಕೆ ಗಂಟೆಗಳು ಬೇಕು, ಅದಕ್ಕೇ ಜೊತೆಗೆ ಪಿಸಿಸಿ (ರಕ್ತ ಹೆಪ್ಪುಗಟ್ಟಿಸೋ ಅಂಶಗಳಿರೋ ಇಂಜೆಕ್ಷನ್) ಕೊಡ್ತಾರೆ, ಅದು ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟೋ ಹಾಗೆ ಮಾಡತ್ತೆ; ಪಿಸಿಸಿ ಸಿಗದಿದ್ರೆ ಪ್ಲಾಸ್ಮಾ, ಅಂದ್ರೆ ದಾನಿಗಳ ರಕ್ತದ ದ್ರವಭಾಗ. ಡಾಬಿಗಟ್ರಾನ್ ಅನ್ನೋ ಇನ್ನೊಂದು ರಕ್ತ ತೆಳು ಮಾಡೋ ಔಷಧಿ ತಗೊಳ್ಳೋರಿಗೆ ಮದ್ದೇ ಬೇರೆ, ಇಡಾರುಸಿಜುಮ್ಯಾಬ್ 5 ಗ್ರಾಂ. ನೋವಿಗೆ ಅಂತ ಮನೇಲಿ ಆಸ್ಪಿರಿನ್, ಬ್ರೂಫೆನ್ ಕೊಡ್ಲೇಬೇಡಿ. ಮಾತ್ರೆ ಮತ್ತೆ ಯಾವಾಗ ಶುರು ಮಾಡೋದು ಅನ್ನೋದನ್ನ, ಅದ್ರಲ್ಲೂ ಹೃದಯಕ್ಕೆ ಲೋಹದ ವಾಲ್ವ್ ಹಾಕಿದ್ರೆ, ನ್ಯೂರೋಸರ್ಜನ್ನು ಹೃದಯದ ಡಾಕ್ಟ್ರು ಇಬ್ರೂ ಸೇರಿ ಹೇಳ್ಬೇಕು.