ಓದುಗರ ಪ್ರಶ್ನೆಗೆ ಉತ್ತರ: ನಮೀಬಿಯಾದಲ್ಲಿ ಹಕ್ಕಿ, ಹೆಜ್ಜೆ, ಘೇಂಡಾ

ಪ್ರ: ಜೂನ್‌ನಲ್ಲಿ ಎರಡು ವಾರ ನಮೀಬಿಯಾದಲ್ಲಿ ನಾವೇ ಕಾರು ಓಡಿಸಿಕೊಂಡು ಸುತ್ತಲಿದ್ದೇವೆ. ಅಲ್ಲಿನ ಹವ್ಯಾಸಿಗಳ ಪಕ್ಷಿ ದಾಖಲೆಗೆ ಪ್ರವಾಸಿಗರೂ ಸೇರಬಹುದೇ? (ಹುಬ್ಬಳ್ಳಿ)

ಉ: ಧಾರಾಳವಾಗಿ. ದಕ್ಷಿಣ ಆಫ್ರಿಕಾ ವಲಯದ ಎರಡನೇ ಪಕ್ಷಿ ಅಟ್ಲಾಸ್ (ಯಾವ ಹಕ್ಕಿ ಎಲ್ಲೆಲ್ಲಿದೆ ಎಂದು ತೋರಿಸುವ ನಕ್ಷೆ) 2007ರಲ್ಲಿ ಶುರುವಾಯಿತು, ನಮೀಬಿಯಾವೂ ಅದರಲ್ಲಿದೆ. ಹೆಸರು ನೋಂದಾಯಿಸಿ ವೀಕ್ಷಕ ಸಂಖ್ಯೆ ಪಡೆಯುವುದು, ಫೋನಿಗೆ ಬರ್ಡ್‌ಲ್ಯಾಸರ್ ಆ್ಯಪ್ ಹಾಕಿಕೊಳ್ಳುವುದು, ಎರಡನ್ನೂ ಊರಲ್ಲೇ ಮುಗಿಸಿ. ಪಟ್ಟಣ ದಾಟಿದರೆ ನೆಟ್‌ವರ್ಕ್ ನೆಚ್ಚುವಂತಿಲ್ಲ.

ಅಟ್ಲಾಸ್ ನೆಲವನ್ನು ಐದೈದು ಮಿನಿಟಿನ (ಮಿನಿಟು ಎಂದರೆ ಇಲ್ಲಿ ಡಿಗ್ರಿಯ ಅರವತ್ತನೇ ಒಂದು ಭಾಗ) ಅಕ್ಷಾಂಶ-ರೇಖಾಂಶದ ಚೌಕಗಳಾಗಿ ಹಂಚಿದೆ. ಇವಕ್ಕೆ ಪೆಂಟ್ಯಾಡ್ ಎನ್ನುತ್ತಾರೆ. ರಾಜಧಾನಿ ವಿಂಡ್‌ಹುಕ್ ಆಸುಪಾಸಿನಲ್ಲಿ ಒಂದು ಪೆಂಟ್ಯಾಡ್ ಉತ್ತರ-ದಕ್ಷಿಣವಾಗಿ ಸುಮಾರು 9 ಕಿ.ಮೀ., ಪೂರ್ವ-ಪಶ್ಚಿಮವಾಗಿ ಅದಕ್ಕಿಂತ ತುಸು ಕಡಿಮೆ. ವಾಯವ್ಯ ಮೂಲೆಯೇ ಅದರ ಹೆಸರು: 2230_1700 ಎಂದರೆ 22 ಡಿಗ್ರಿ 30 ಮಿನಿಟು ದಕ್ಷಿಣ, 17 ಡಿಗ್ರಿ ಪೂರ್ವ.

ಪೂರ್ಣ ಪಟ್ಟಿಗೆ ಒಂದೇ ಪೆಂಟ್ಯಾಡಿನಲ್ಲಿ ಕನಿಷ್ಠ ಎರಡು ಗಂಟೆ ಹುಡುಕಬೇಕು. ಕಂಡ, ಕೇಳಿದ ಪ್ರತಿ ಜಾತಿಯನ್ನೂ ಮೊದಲು ಸಿಕ್ಕ ಕ್ರಮದಲ್ಲೇ ಬರೆಯಬೇಕು. ಅದೇ ಪಟ್ಟಿಗೆ ಐದು ದಿನದವರೆಗೆ ಹೊಸ ಜಾತಿ ಸೇರಿಸಬಹುದು. ಎರಡು ಗಂಟೆ ಆಗದಿದ್ದರೆ ಬಿಡಿ ದಾಖಲೆಯಾಗಿ ಕಳಿಸಿ, ಅದೂ ವ್ಯರ್ಥವಲ್ಲ.

ಹೆಚ್ಚಿನ ಪಟ್ಟಿಗಳು ಕೆಡುವುದು ಗುಬ್ಬಿ, ಕಾಗೆ, ಪಾರಿವಾಳಗಳನ್ನು ಬಿಡುವುದರಿಂದ. ನೂರು ಪೂರ್ಣ ಪಟ್ಟಿಗಳಲ್ಲಿ ಎಷ್ಟರಲ್ಲಿ ಒಂದು ಹಕ್ಕಿ ಇದೆ ಎಂಬುದರ ಮೇಲೆ ಲೆಕ್ಕ ನಿಂತಿದೆ. ‘ಇದೇನು ಮಹಾ’ ಎಂದು ಗುಬ್ಬಿಯನ್ನು ಬಿಟ್ಟರೆ ಆ ಊರಿನಲ್ಲಿ ಗುಬ್ಬಿ ಕಡಿಮೆಯಾದಂತೆ ಕಾಣುತ್ತದೆ. ಹೆದ್ದಾರಿಯ ಕಂಬಗಳ ಮೇಲಿನ ಹಕ್ಕಿಗಳನ್ನಷ್ಟೇ ಎಣಿಸುವುದು ಇನ್ನೊಂದು ಚಾಳಿ. ಒಣಗಿದ ಹೊಳೆಯ ಪಾತ್ರ, ಕಲ್ಲುಗುಡ್ಡ, ದನಗಳ ನೀರಿನ ತೊಟ್ಟಿ, ಹೋಗಲು ಅನುಮತಿಯಿರುವಷ್ಟನ್ನೂ ನೋಡಿ. ಬೆಳಗಿನ ಮೊದಲ ಗಂಟೆಗಳಲ್ಲಿ ಸಿಕ್ಕುವಷ್ಟು ಹಕ್ಕಿ ಮಧ್ಯಾಹ್ನ ಸಿಗದು.

ಕ್ಯಾಮೆರಾದ ಗಡಿಯಾರ ಬದಲಿಸುವುದನ್ನು ಮರೆಯಬೇಡಿ. ನಮೀಬಿಯಾ ನಮಗಿಂತ ಮೂರೂವರೆ ಗಂಟೆ ಹಿಂದೆ. ಭಾರತದ ಸಮಯದ ಚಿತ್ರಗಳನ್ನು ಜಿಪಿಎಸ್ ಜಾಡಿನೊಂದಿಗೆ ಹೊಂದಿಸಿದರೆ, ಗಂಟೆಗೆ 80 ಕಿ.ಮೀ. ಓಡುತ್ತಿದ್ದ ಕಾರಿನ ದಾಖಲೆ 280 ಕಿ.ಮೀ. ದೂರ ಬೀಳುತ್ತದೆ. ಸ್ಥಳಾಂಕ ಕೈಯಾರೆ ಬರೆಯುವವರು ಅಕ್ಷಾಂಶದ ಮುಂದೆ ಋಣ ಚಿಹ್ನೆ ಹಾಕಿ. ನಮ್ಮಲ್ಲಿ ಅದರ ಅಭ್ಯಾಸವಿಲ್ಲ. ಬಿಟ್ಟರೆ ವಿಂಡ್‌ಹುಕ್‌ನ ಹಕ್ಕಿ ಸಹರಾಕ್ಕೆ ಹಾರಿರುತ್ತದೆ!

ಪ್ರ: ಪ್ರಾಣಿ ಕಾಣಲಿಲ್ಲ, ಮರಳಿನಲ್ಲಿ ಹೆಜ್ಜೆ ಮಾತ್ರ ಕಂಡಿತು. ಅದು ದಾಖಲೆಯಾಗುತ್ತದೆಯೇ? (ಶಿರಸಿ)

ಉ: ಆಗುತ್ತದೆ, ಚಿತ್ರ ಸರಿಯಿದ್ದರೆ. ಸಸ್ತನಿ, ಸರೀಸೃಪಗಳಿಗೆ ‘ಅಟ್ಲಾಸಿಂಗ್ ಇನ್ ನಮೀಬಿಯಾ’ ಎಂಬ ಬೇರೆ ಆ್ಯಪ್ ಇದೆ. ಹೆಜ್ಜೆಯ ಪಕ್ಕ ಅಳತೆಪಟ್ಟಿ ಇಟ್ಟು ನೇರ ಮೇಲಿನಿಂದ ತೆಗೆಯಿರಿ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಬೇಕು, ನಡುಹಗಲಿನಲ್ಲಿ ನೆರಳಿಲ್ಲದೆ ಅಂಚುಗಳು ಮಾಯ. ಒಂದೇ ಹೆಜ್ಜೆ ಸಾಲದು, ಮುಂಗಾಲು ಹಿಂಗಾಲು ಎರಡೂ ಇರಲಿ: ಕಂದು ಕತ್ತೆಕಿರುಬದ ಮುಂಗಾಲಿನ ಗುರುತು ಹಿಂಗಾಲಿನದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು. ಚೀತಾ ಹೆಜ್ಜೆಯಲ್ಲಿ ಉಗುರು ಮೂಡುತ್ತದೆ, ಚಿರತೆಯದರಲ್ಲಿ ಸಾಮಾನ್ಯವಾಗಿ ಇಲ್ಲ. ಹೆಜ್ಜೆಯ ಆಸೆಗೆ ಕಲ್ಲುಹಾಸಿನ ಬಯಲಿಗೆ ಕಾರು ಇಳಿಸಬೇಡಿ. ನಮೀಬ್ ಕರಾವಳಿಯಲ್ಲಿ ಚಕ್ರದ ಗುರುತು ದಶಕಗಳವರೆಗೆ ಅಳಿಯದು, ಕಲ್ಲುಹೂವು ಸಾಯುತ್ತದೆ, ಬರಿನೆಲದಲ್ಲೇ ಮೊಟ್ಟೆಯಿಡುವ ಡಮಾರಾ ಟರ್ನ್ ಹಕ್ಕಿಯ ಗೂಡು ಚಕ್ರಕ್ಕೆ ಸಿಗುತ್ತದೆ.

ಪ್ರ: ಎಟೋಶಾ ರಾಷ್ಟ್ರೀಯ ಉದ್ಯಾನದಲ್ಲಿ ತೆಗೆದ ಜೀಬ್ರಾ ಚಿತ್ರ ಬೆಟ್ಟದ ಜೀಬ್ರಾದ್ದೋ ಬಯಲಿನದ್ದೋ? (ಮೈಸೂರು)

ಉ: ಹೊಟ್ಟೆ ನೋಡಿ. ಪಟ್ಟೆ ಹೊಟ್ಟೆಯ ಕೆಳಗೂ ಸುತ್ತಿದ್ದರೆ ಬಯಲಿನದು, ಹೊಟ್ಟೆ ಬಿಳಿಯಿದ್ದರೆ ಬೆಟ್ಟದ್ದು. ಬೆಟ್ಟದ್ದಕ್ಕೆ ಗಂಟಲಿನಲ್ಲಿ ಜೋಲುಚರ್ಮ ಇರುತ್ತದೆ, ಕಾಲಿನ ಪಟ್ಟೆ ಗೊರಸಿನವರೆಗೂ ಢಾಳಾಗಿರುತ್ತದೆ. ಎಟೋಶಾದ ಪಶ್ಚಿಮದಲ್ಲಿ ಎರಡೂ ಸಿಗುವುದರಿಂದ ಜಾಗ ನೋಡಿ ಊಹಿಸಬೇಡಿ.

ಪ್ರ: ಘೇಂಡಾಮೃಗ ಕಂಡರೆ ವಾಟ್ಸ್‌ಆ್ಯಪ್‌ನಲ್ಲಿ ಹಂಚಬಹುದೇ? (ಮಂಗಳೂರು)

ಉ: ಜಾಗ, ಸಮಯ ಹೇಳದೆ, ಊರಿಗೆ ಮರಳಿದ ಮೇಲೆ ಹಂಚಿ. ಕುನೇನೆ ಪ್ರದೇಶದ ಕಪ್ಪು ಘೇಂಡಾಗಳು ಬೇಲಿಯಿಲ್ಲದ ನೆಲದಲ್ಲಿ ತಿರುಗುತ್ತವೆ, ಕೊಂಬಿನ ಕಳ್ಳರಿಗೆ ಒಂದು ಗುಡ್ಡದ ಗುರುತು ಸಾಕು. ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿದ ಚಿತ್ರದೊಳಗೆ ಜಿಪಿಎಸ್ ಅಂಕಿ ಹಾಗೇ ಉಳಿಯುತ್ತದೆ. ಕ್ಯಾಮೆರಾದ ಲೊಕೇಶನ್ ಆಯ್ಕೆಯನ್ನು ಮೊದಲೇ ಆಫ್ ಮಾಡಿ, ಹಿನ್ನೆಲೆಯ ಗುಡ್ಡ, ನಾಮಫಲಕಗಳನ್ನು ಕತ್ತರಿಸಿ ತೆಗೆಯಿರಿ.